ಹನ್ನೆರಡು ವರ್ಷ ಉಪವಾಸವಿದ್ದ ರೇಡಿಯೋ

ಜಗಳೂರಿನ ಹಿಂದಿನ ಬೀದಿಯಲ್ಲಿ ಹಾಲಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬ ಮಗ, ಓಬಯ್ಯ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ ಮಾತು ಮೀರದ ಮಗ ಬೇಕು ಅಂತ ಎಲ್ಲ ತಾಯಂದಿರೂ ಹರಕೆ ಹೊರುತ್ತಾರಲ್ಲ, ಹಾಲಮ್ಮನಿಗೆ ಅಂಥವನೇ ಹುಟ್ಟಿದ್ದ. ಅದೇ ಅವಳ ಗೋಳು!

ಒಂದು ಸೋಮವಾರ ಮಗಳು ಸಾಕಮ್ಮನ ಕಾಗದ ಬಂತು. ದೂರದೂರಿಗೆ ಕೊಟ್ಟ ಮಗಳು, ಮೂರು ವರ್ಷದಿಂದ ತವರಿಗೆ ಬಂದಿಲ್ಲ. "ಅವ್ವಾ, ಬರೋ ಭಾನುವಾರ ಬೆಳಿಗ್ಗೆ ಎಂಟಕ್ಕೆ ರೇಡಿಯೋದಲ್ಲಿ ಸೋಬಾನೆ ಹಾಡ್ತೀನಿ. ಅಪ್ಪನ ರೇಡಿಯೋದಲ್ಲೇ ಕೇಳಬೇಕು ನೀನು."

ಅಪ್ಪನ ರೇಡಿಯೋ! ಕುರಿಮರಿಯಷ್ಟು ತೂಕದ ವಾಲ್ವ್ ರೇಡಿಯೋ. ಅಪ್ಪ ಹೋದಾಗ ಬಾಯಿ ಮುಚ್ಚಿದ್ದು, ಹನ್ನೆರಡು ವರ್ಷವಾದರೂ ತೆರೆದಿರಲಿಲ್ಲ.

ರಿಪೇರಿಯ ದಸ್ತಗೀರ್ ಸಾಬರು ಮನೆಗೇ ಬಂದರು. ಹಿಂದಿನ ರಟ್ಟು ಬಿಚ್ಚಿದರು. ಒಂದೇ ಚಣ ಕರೆಂಟು ಮುಟ್ಟಿಸಿ ತೆಗೆದರು. "ಹಾಡೋ ಭಾಗ ಗಟ್ಟಿಯಾಗೇ ಇದೆ ಹಾಲಮ್ಮಾ. ಅದಕ್ಕೆ ಕರೆಂಟು ಉಣಿಸೋ ಭಾಗ ಕೆಟ್ಟಿದೆ. ಒಂದು ಕಂಡೆನ್ಸರ್ ಒಣಗಿದೆ, ಒಂದು ವಾಲ್ವು ಸೋತಿದೆ. ಭಾನುವಾರದೊಳಗೆ ಮಾಡೋಣ."

ಅಷ್ಟರಲ್ಲಿ ಓಬಯ್ಯ ಒಳಗೆ ಬೆರಳಿಟ್ಟ. "ಅಯ್ಯಪ್ಪಾ!" ಹಾರಿ ಒರಳುಕಲ್ಲಿನ ಮೇಲೆ ಬಿದ್ದ.

"ಲೇ! ಪ್ಲಗ್ ಕಿತ್ತರೂ ಕಂಡೆನ್ಸರಿನ ಹೊಟ್ಟೆಯಲ್ಲಿ ಕರೆಂಟು ಕೂತಿರುತ್ತೆ. ಮುಟ್ಟೋ ಮೊದಲು ಎರಡೂ ತುದಿಗೆ ಸ್ಕ್ರೂಡ್ರೈವರ್ ಮುಟ್ಟಿಸಿ ಇಳಿಸಬೇಕು!"

"ಆಗಲಿ ಸಾಬ್ರೇ!"

ಮರುದಿನ ಸೋದರಮಾವ ಬಂದ. "ಮಾವನ ಕಾಲು ಮುಟ್ಟೋ" ಅಂದಳು ಹಾಲಮ್ಮ. ಮುಟ್ಟೋ ಮೊದಲು ಏನು ಮಾಡಬೇಕು? ಓಬಯ್ಯ ಸ್ಕ್ರೂಡ್ರೈವರ್ ತಂದ. ಮಾವನ ಮೀಸೆಯ ಈ ತುದಿಗೆ ಮುಟ್ಟಿಸಿದ, ಆ ತುದಿಗೆ ಮುಟ್ಟಿಸಿದ. ಮಾವ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಸ್‌ಸ್ಟ್ಯಾಂಡಿಗೆ ಓಡಿದ!

"ನಿನ್ನ ತಲೆಗಿಷ್ಟು ಬೆಂಕಿ ಹಾಕ! ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡಬೇಕು ಕಣೋ!"

"ಆಗಲಿ ಅವ್ವಾ!"

ಗುರುವಾರ ದಾವಣಗೆರೆ ಬಸ್ಸಿನಲ್ಲಿ ಹೊಸ ವಾಲ್ವು ಬಂತು. ಗಾಜಿನ ಬುರುಡೆ, ಕೆಳಗೆ ಎಂಟು ಕಾಲು. ಸಾಬರು ಬರುವಷ್ಟರಲ್ಲಿ ಓಬಯ್ಯ ಬಚ್ಚಲಲ್ಲಿ ಕೂತು ಎಂಟೂ ಕಾಲು ತಿಕ್ಕಿ ತೊಳೆಯುತ್ತಿದ್ದ. "ದಾವಣಗೆರೆಯಿಂದ ಬಂದದ್ದು, ಪಾಪ, ಎಷ್ಟು ಧೂಳು!"

"ಯಾ ಅಲ್ಲಾ! ಗಾಜಿನ ಸಾಮಾನಿಗೆ ನೀರು ತಾಗಿಸಬಾರದು! ಹತ್ತಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ತರಬೇಕು!"

"ಆಗಲಿ ಸಾಬ್ರೇ!"

ವಾಲ್ವನ್ನು ಬಿಸಿಲಿಗಿಟ್ಟರು. ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಭಾನುವಾರ ಹಾಡು ಕೇಳೋಕೆ ಬೀದಿಯವರೆಲ್ಲ ಬರ್ತಾರೆ, ದೋಸೆ ಆದರೂ ಕೊಡಬೇಡವೇ? ಶುಕ್ರವಾರ ಹಾಲಮ್ಮ ಮಗನನ್ನು ಕಳಿಸಿದಳು. "ಮಿಲ್ಲಿನಲ್ಲಿ ದೋಸೆ ಹಿಟ್ಟು ರುಬ್ಬಿಸಿಕೊಂಡು ಬಾ." ತಂದ! ಹತ್ತಿಯಲ್ಲಿ ಸುತ್ತಿದ್ದ, ಎದೆಗೆ ಅವಚಿಕೊಂಡಿದ್ದ. ಗದ್ದದಿಂದ ಹಿಮ್ಮಡಿಯವರೆಗೂ ಹಿಟ್ಟು. ಹಿಂದೆ ಬೀದಿಯ ಅಷ್ಟೂ ನಾಯಿಗಳ ಮೆರವಣಿಗೆ!

"ನಿನ್ನ ಜೊತೆ ಏಗಿ ಏಗಿ ನನ್ನ ಜೀವ ತೇಯ್ತಲ್ಲೋ!" ಹಾಲಮ್ಮ ಬೈಯುತ್ತಲೇ ಮತ್ತೆ ಅಕ್ಕಿ ನೆನೆಹಾಕಿದಳು.

ಭಾನುವಾರ ಏಳೂವರೆ. ಹೊಸ ಕಂಡೆನ್ಸರ್ ಕೂತಿತು, ವಾಲ್ವು ಕೂತಿತು. ಸಾಬರು ವಯರಿನ ನಡುವೆ ಒಂದು ಬಲ್ಬು ಸೇರಿಸಿದರು.

"ಇದ್ಯಾಕೆ ಸಾಬ್ರೇ?" ಅಂದ ಓಬಯ್ಯ.

"ಹನ್ನೆರಡು ವರ್ಷ ಉಪವಾಸ ಕೂತ ಹೊಟ್ಟೆ ಇದು. ಒಮ್ಮೆಲೇ ಹೊಟ್ಟೆ ತುಂಬ ಕೊಟ್ಟರೆ ಸತ್ತೇ ಹೋಗುತ್ತೆ. ಹೀಗೆ ಬಲ್ಬು ಅಡ್ಡ ಇಟ್ಟು ಸ್ವಲ್ಪ ಸ್ವಲ್ಪವೇ ಉಣ್ಣಿಸಬೇಕು."

"ಆಗಲಿ ಸಾಬ್ರೇ!"

ಬಲ್ಬು ಝಗ್ಗನೆ ಹತ್ತಿತು. ಹಾಲಮ್ಮ ಓಡಿ ಬಂದಳು. "ಕೆಟ್ಟಿತಾ?" "ತಾಳಮ್ಮಾ, ಅದರ ಹೊಟ್ಟೆ ತುಂಬಿ ಬಲ್ಬು ಮಂಕಾದರೆ ಗೆದ್ದೆವು." ಬಲ್ಬು ಮಂಕಾಯಿತು, ಇನ್ನೂ ಮಂಕಾಯಿತು. ಸಾಬರು ಅದನ್ನು ತೆಗೆದು ನೇರ ಕರೆಂಟು ಕೊಟ್ಟರು. ಗುಂಯ್ ಅಂತು, ಗೊರ ಗೊರ ಅಂತು. ಸರಿಯಾಗಿ ಎಂಟಕ್ಕೆ ಸಾಕಮ್ಮನ ದನಿ ಮನೆ ತುಂಬಿತು.

ಹಾಲಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಮೂರು ವರ್ಷದ ಮೇಲೆ ಮಗಳ ದನಿ! ಒಂದು ಸೊಲ್ಲೂ ಬಿಡದೆ ಕೇಳಿದಳು. ಹಾಡು ಮುಗಿಯಿತು, ಬೀದಿಯವರಿಗೆಲ್ಲ ದೋಸೆ ಹಂಚಿದ್ದೂ ಆಯಿತು.

ಇದ್ದಕ್ಕಿದ್ದಂತೆ ರೇಡಿಯೋ ಗಪ್ಪಾಯಿತು. ನೋಡಿದರೆ ಓಬಯ್ಯ ಅದರ ಹಿಂದೆ ಕೂತಿದ್ದಾನೆ, ಕೈಯಲ್ಲಿ ದೋಸೆ! ಮುರಿದು ಮುರಿದು ಒಳಗೆ ಹಾಕುತ್ತಿದ್ದಾನೆ.

"ಏನೋ ಅದು!"

"ಹನ್ನೆರಡು ವರ್ಷ ಉಪವಾಸ ಅಲ್ವಾ ಅವ್ವಾ? ಸ್ವಲ್ಪ ಸ್ವಲ್ಪವೇ ಉಣ್ಣಿಸ್ತಿದ್ದೀನಿ."

ಸಾಬರು ತಲೆ ಹಿಡಿದುಕೊಂಡರು. "ಲೇ, ಒಳಗೆ ಕೈ ಹಾಕಿದೆಯಾ?"

"ಪ್ಲಗ್ ಕಿತ್ತೆ, ಎರಡೂ ತುದಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದೆ, ಆಮೇಲೇ ಹಾಕಿದ್ದು ಸಾಬ್ರೇ!"

ಸಾಬರು ಬಗ್ಗಿ ದೋಸೆ ಚೂರು ಹೆಕ್ಕತೊಡಗಿದರು. ಹಾಲಮ್ಮ ಸೌಟು ಎತ್ತಿದಳು. ಆದರೆ ಕಿವಿಯಲ್ಲಿ ಮಗಳ ಹಾಡು ಇನ್ನೂ ಗುಂಯ್‌ಗುಡುತ್ತಿತ್ತಲ್ಲ, ನಗು ಉಕ್ಕಿ ಬಂತು.

"ಬರೀ ದೋಸೆ ಹಾಕಿದೆಯೇನೋ? ಚಟ್ನಿ?"

"ನನ್ನನ್ನೇನು ಪೆದ್ದ ಅಂದುಕೊಂಡೆಯಾ ಅವ್ವಾ? ಚಟ್ನಿಯಲ್ಲಿ ನೀರಿರುತ್ತೆ. ಗಾಜಿನ ಸಾಮಾನಿಗೆ ನೀರು ತಾಗಿಸಬಾರದು!"