ಸೋಡಾ ಲೋಟದ ದ್ರಾಕ್ಷಿ

"ಗುರುಗಳೇ, ಅಳುತ್ತಾ ಬಂದವರಿಗೆ 'ಒಳ್ಳೆಯದಾಗುತ್ತದೆ, ದೇವರ ಅಪ್ಪಣೆಯಾಗಿದೆ' ಎಂದು ಒಂದು ಮಾತು ಹೇಳಿ ಕಳಿಸಿದರೆ ತಪ್ಪೇ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

"ಅಪ್ಪಣೆ ನಿನ್ನ ಕಿವಿಗೆ ಯಾವಾಗ ಬಿತ್ತಪ್ಪಾ? ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಕಡಲ ದಂಡೆಯ ಊರೊಂದರಲ್ಲಿ ಒಬ್ಬ ಸೋಡಾ ವ್ಯಾಪಾರಿಯಿದ್ದ. ಗಾಜಿನ ಲೋಟಕ್ಕೆ ಸೋಡಾ ಸುರಿದು ಒಂದು ಒಣದ್ರಾಕ್ಷಿ ಹಾಕುತ್ತಿದ್ದ. ದ್ರಾಕ್ಷಿ ಮುಳುಗುತ್ತಿತ್ತು. ಅದರ ಸುಕ್ಕುಗಳಿಗೆ ಗಾಳಿಗುಳ್ಳೆಗಳು ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತಿ ತರುತ್ತಿದ್ದವು. ಮೇಲೆ ಬಂದೊಡನೆ ಗುಳ್ಳೆಗಳು ಒಡೆದು ದ್ರಾಕ್ಷಿ ಮತ್ತೆ ತಳ ಸೇರುತ್ತಿತ್ತು. ಇಷ್ಟೇ. ಮಕ್ಕಳು ನೋಡಿ ನಗುತ್ತಿದ್ದರು.

ಆ ಊರಿನ ಒಬ್ಬ ಮೀನುಗಾರ ದೋಣಿಯಲ್ಲಿ ಹೋದವನು ತಿರುಗಿ ಬರಲಿಲ್ಲ. ಅವನ ಹೆಂಡತಿ ದಿನವೂ ದಂಡೆಗೆ ಬಂದು ನಿಂತು ಹೋಗುತ್ತಿದ್ದಳು. ನೋಡಿ ನೋಡಿ ವ್ಯಾಪಾರಿಯ ಕರುಳು ಚುರುಕ್ಕೆಂದಿತು. ಅವನೇನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಅವಳು ಅವನ ಮಾತು ಕೇಳುತ್ತಲೇ ಇರಲಿಲ್ಲ. ಒಂದು ದಿನ ಅವಳನ್ನು ಕರೆದು, ಲೋಟವನ್ನು ಸಮುದ್ರರಾಜನ ಪಟದ ಮುಂದಿಟ್ಟು ಕೈಮುಗಿದ.

"ದ್ರಾಕ್ಷಿ ಎದ್ದರೆ ನಿನ್ನ ಗಂಡ ಬದುಕಿದ್ದಾನೆ. ನಾನಲ್ಲ ತಾಯೀ, ದೇವರು ಹೇಳೋದು."

ದ್ರಾಕ್ಷಿ ಎದ್ದಿತು. ಹೊಸ ಸೋಡಾದಲ್ಲಿ ಏಳದೆ ಎಲ್ಲಿಗೆ ಹೋದೀತು? ಎದ್ದೊಡನೆ ಅವನು ಲೋಟ ತೆಗೆದು ಒಳಗಿಟ್ಟ. ಮತ್ತೆ ಮುಳುಗಿದ್ದನ್ನು ಅವಳು ನೋಡಲಿಲ್ಲ. ಎಂಟು ತಿಂಗಳು ಪ್ರತಿ ಸೋಮವಾರ ಹೀಗೇ ನಡೆಯಿತು. ಅವಳು ಮನೆಗೆ ಹೋಗಿ ಗಂಡನ ಪಾಲಿನ ಅಕ್ಕಿಯನ್ನೂ ಸೇರಿಸಿ ಬೇಯಿಸುತ್ತಿದ್ದಳು.

ಒಂದು ಸೋಮವಾರ ವ್ಯಾಪಾರಿ ಅವಸರದಲ್ಲಿ ಹಿಂದಿನ ದಿನ ಒಡೆದಿಟ್ಟ ಬಾಟಲಿಯಿಂದ ಸುರಿದ. ಗಾಳಿ ಹೋದ ಸೋಡಾ. ದ್ರಾಕ್ಷಿ ತಳದಲ್ಲೇ ಬಿದ್ದುಕೊಂಡಿತು. "ಇರು, ಬೇರೆ ಬಾಟಲಿ ಒಡೆಯುತ್ತೇನೆ" ಎಂದ. "ದೇವರನ್ನು ಎರಡು ಸಲ ಕೇಳಬಾರದು" ಎಂದು ಅವಳು ಎದ್ದು ಹೋದಳು. ವ್ಯಾಪಾರಿಗೆ ನಾಚಿಕೆಯಾಯಿತು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು.

ಅವಳು ಬಳೆ ಒಡೆದುಕೊಂಡಳು. ಹನ್ನೊಂದನೆಯ ದಿನ ಅಂಗಳದಲ್ಲಿ ಎಲೆ ಹಾಕಿ, ಸತ್ತವನಿಗೆಂದು ಅನ್ನ, ಮೀನುಸಾರು ಎಡೆ ಇಟ್ಟಳು. ಕಾಗೆ ಮುಟ್ಟುವವರೆಗೆ ಯಾರೂ ಹೊರಗೆ ಬರಬಾರದು. ಅವಳು ಬಾಗಿಲು ಮುಚ್ಚಿ ಒಳಗೆ ಕೂತಳು.

ಆ ಮಧ್ಯಾಹ್ನವೇ ಗಂಡ ಬಂದ. ದೋಣಿ ಒಡೆದಾಗ ಯಾವುದೋ ಹಡಗಿನವರು ಎತ್ತಿಕೊಂಡು ದೂರದ ಬಂದರಿಗೆ ಒಯ್ದಿದ್ದರು. ಅಲ್ಲಿ ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿದ್ದವನು ಎದ್ದು ನಡೆದೇ ಬಂದಿದ್ದ. ಹೊಟ್ಟೆ ಹಸಿದಿತ್ತು. ತನ್ನದೇ ಅಂಗಳದಲ್ಲಿ ಬಡಿಸಿದ ಎಲೆ ಕಂಡಿತು. ಕೂತು ಉಂಡ.

ಅವಳು ಬಾಗಿಲು ತೆರೆದಳು. ಹೆದರಲಿಲ್ಲ. ಅವನು ಮುಗಿಸುವವರೆಗೆ ನೋಡುತ್ತಾ ನಿಂತಳು.

"ಹೊಟ್ಟೆ ತುಂಬಿತಾ?"

"ತುಂಬಿತು ಕಣೇ."

"ಹಾಗಾದರೆ ಇನ್ನು ಹೋಗಿ."

ಹೋಗಿ ಬನ್ನಿ ಎನ್ನಲಿಲ್ಲ. ಸತ್ತವರಿಗೆ ಯಾರೂ ಬನ್ನಿ ಎನ್ನುವುದಿಲ್ಲ. ಬಾಗಿಲು ಹಾಕಿ ಅಗುಳಿ ಜಡಿದಳು.

ಅವನು ಕೂಗಿದ, ಬಾಗಿಲು ಬಡಿದ. ಊರವರು ದೂರ ಸರಿದು ನಿಂತರು. ಸುದ್ದಿ ಕೇಳಿ ವ್ಯಾಪಾರಿ ಓಡಿ ಬಂದ. "ಗಾಳಿಗುಳ್ಳೆ ಕಣಮ್ಮಾ, ದೇವರಲ್ಲ! ಅವತ್ತು ಸೋಡಾ ಹಳಸಿತ್ತು. ನನ್ನ ತಪ್ಪು" ಎಂದು ಅತ್ತ. ಹೊಸ ಬಾಟಲಿ ಒಡೆದು ಲೋಟಕ್ಕೆ ಸುರಿದು, ದ್ರಾಕ್ಷಿ ಹಾಕಿ ಕಿಟಕಿಗೆ ಹಿಡಿದ. ದ್ರಾಕ್ಷಿ ಎದ್ದಿತು. "ನೋಡು, ಬದುಕಿದ್ದಾನೆ!" ಎಂದ. ಆ ಗಡಿಬಿಡಿಯಲ್ಲಿ ಲೋಟ ತೆಗೆಯಲು ಮರೆತ. ಗುಳ್ಳೆಗಳು ಒಡೆದವು. ದ್ರಾಕ್ಷಿ ಮಗುಚಿಕೊಂಡು ಮೆಲ್ಲಗೆ ಕೆಳಗಿಳಿಯಿತು. ಅದು ತಳ ಮುಟ್ಟುವವರೆಗೂ ಅವಳು ನೋಡಿದಳು.

"ಹೌದು. ಬಂದರು, ಉಂಡರು, ಹೋದರು" ಎಂದು ಕಿಟಕಿ ಮುಚ್ಚಿದಳು.

ಗಂಡ ಎಂಜಲು ಕೈಯಲ್ಲಿ ಅಂಗಳದಲ್ಲಿ ನಿಂತಿದ್ದ.

ಚೆನ್ನಮಲ್ಲನಿಗೆ ತಡೆಯಲಾಗಲಿಲ್ಲ. "ವ್ಯಾಪಾರಿ ಕೊನೆಗಾದರೂ ನಿಜ ಹೇಳಿದನಲ್ಲ ಗುರುಗಳೇ, ಅವಳೇಕೆ ನಂಬಲಿಲ್ಲ?"

ಗುರುಗಳು ಹೇಳಿದರು: "ಸುಳ್ಳನ್ನು ಅವನು ದೇವರ ಬಾಯಲ್ಲಿ ಹೇಳಿಸಿದ್ದ, ನಿಜವನ್ನು ಬರೀ ತನ್ನ ಬಾಯಲ್ಲಿ ಹೇಳಿದ."