ಇಳಿಜಾರಿನಲ್ಲಿ ನ್ಯೂಟ್ರಲ್

ಗಂಡ ಸತ್ತ ಲಾರಿಯನ್ನೇ ಓಡಿಸಲು ಕಲಿಯಬೇಕೆಂದು ಹೊನ್ನೂರಮ್ಮ ದಾದಾಪೀರನ ಬಳಿಗೆ ಬಂದಳು. ಗಣಿಗುಡ್ಡದ ಚಾಲಕರೆಲ್ಲ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಅವಳ ಗಂಡ ಪಂಪಾಪತಿಗೂ ಅವನೇ ಕಲಿಸಿದ್ದ.

“ಬೇರೆ ಡ್ರೈವರ್ ಇಡಬಹುದಲ್ಲ?” ಎಂದ ಉಸ್ತಾದ್.

“ಎತ್ತಿಸಿ ರಿಪೇರಿ ಮಾಡಿಸಿದರೂ ಆಳು ತಿಂದ ಗಾಡಿ ಅಂತ ಯಾರೂ ಹತ್ತುತ್ತಿಲ್ಲ.”

“ನಿನಗೆ ಹೆದರಿಕೆ ಇಲ್ಲವಾ?”

“ಗಾಡಿ ಏನು ಮಾಡೀತು? ಬ್ರೇಕ್ ಸರಿ ಮಾಡದೆ ಕಳಿಸಿದನಲ್ಲ, ಆ ಕಾಳಾಚಾರಿ, ನನ್ನ ಸಿಟ್ಟು ಅವನ ಮೇಲೆ.”

ಕಾಳಾಚಾರಿ ಮೆಕ್ಯಾನಿಕ್. ಲಾರಿ ಕಣಿವೆಗೆ ಉರುಳುವ ಹಿಂದಿನ ದಿನ ಅದರ ಬ್ರೇಕ್ ಬಿಗಿ ಮಾಡಿಕೊಟ್ಟವನು. ಹೆಣ ಮನೆಗೆ ಬಂದಾಗ ಹೊನ್ನೂರಮ್ಮ ಎಲ್ಲರೆದುರು ಅವನ ಅಂಗಿ ಹಿಡಿದು ಕೊಲೆಗಾರ ಎಂದಿದ್ದಳು. ಆಮೇಲೆ ಅವನ ಗ್ಯಾರೇಜಿಗೆ ಯಾರೂ ಗಾಡಿ ತರಲಿಲ್ಲ. ಈಗ ಅವನು ಗುಡ್ಡದ ಬುಡದ ಕ್ರಷರಿನಲ್ಲಿ ಕಲ್ಲು ಹೊರುತ್ತಿದ್ದ.

ಉಸ್ತಾದ್ ಲಾರಿಯ ಬಾಗಿಲು ತೆಗೆದು, “ಹತ್ತು” ಎಂದ.

ಮೊದಮೊದಲು ಇಂಜಿನ್ ಶುರು ಮಾಡಲೂ ಬಿಡಲಿಲ್ಲ. ನಿಂತ ಲಾರಿಯಲ್ಲಿ ಕೂತು, ಕೆಳಗೆ ನೋಡದೆ ಗೇರು ಬದಲಿಸಿ ಬದಲಿಸಿ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದವು.

“ಕೆಳಗಿನ ಗೇರಿಗೆ ಬರಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಾ. ಕ್ಲಚ್ ಬಿಡು. ಆಕ್ಸಿಲರೇಟರ್ ಕೊಟ್ಟು ಇಂಜಿನ್ ಏರಿಸು. ಮತ್ತೆ ಕ್ಲಚ್ ಒತ್ತಿ ಗೇರು ಹಾಕು.”

“ನಿಧಾನ ಆಗೋದಕ್ಕೆ ಆಕ್ಸಿಲರೇಟರ್ ಒತ್ತಬೇಕಾ?”

“ಚಕ್ರದ ಓಟಕ್ಕೆ ಇಂಜಿನ್ ಓಟ ಸೇರಬೇಕು. ಇಲ್ಲದಿದ್ದರೆ ಈ ಹಳೇ ಗಾಡಿಯಲ್ಲಿ ಗೇರು ಕೂರೋದಿಲ್ಲ.”

ಬಯಲಿನಲ್ಲಿ ಅವಳು ಬೇಗ ಕಲಿತಳು. ಗೇರು ಕಿರುಗುಟ್ಟದೆ ಕೂತಾಗ ಉಸ್ತಾದ್ ಕಡೆ ತಿರುಗಿ ನೋಡುತ್ತಿದ್ದಳು. ಅವನು ರಸ್ತೆ ನೋಡುತ್ತಿದ್ದ.

ಒಂದು ಬೆಳಿಗ್ಗೆ ಅವನು ಲಾರಿಗೆ ಅರ್ಧ ಅದಿರು ತುಂಬಿಸಿ ಗುಡ್ಡ ಹತ್ತಿಸಿದ.

“ಇಳಿಯೋ ಮೊದಲೇ ಗೇರು ಹಾಕಿಕೋ. ನಡುವೆ ಬದಲಿಸಬೇಡ.”

ಅವಳು ಕೆಳಗಿನ ಗೇರಿನಲ್ಲಿ ಇಳಿಯತೊಡಗಿದಳು. ಇಂಜಿನ್ ಒದರುತ್ತಿತ್ತು. ಹಿಂದಿನಿಂದ ಬಂದ ಲಾರಿಗಳು ಹಾರ್ನ್ ಹಾಕುತ್ತ ಅವಳನ್ನು ದಾಟಿ ಹೋದವು. ಅವಳಿಗೆ ನಾಚಿಕೆಯಾಯಿತು. ಗೇರು ಒಂದು ಹಂತ ಮೇಲೇರಿಸಿದಳು.

ಉಸ್ತಾದ್ ನೋಡಿದ, ತಡೆಯಲಿಲ್ಲ.

ಲಾರಿ ಹಗುರವಾಗಿ ಓಡಿತು. ಆಮೇಲೆ ಹಿಂದಿನ ಭಾರ ತಳ್ಳತೊಡಗಿತು. ಅವಳು ಬ್ರೇಕ್ ಒತ್ತಿದಳು. ಮತ್ತೆ ಒತ್ತಿದಳು. ಸುಟ್ಟ ವಾಸನೆ ಬಂತು. ಗೇರು ಇಳಿಸಲು ಲಿವರ್ ಎಳೆದಳು. ಅದು ನ್ಯೂಟ್ರಲ್‌ಗೆ ಬಂತು, ಕೆಳಗಿನ ಗೇರಿಗೆ ಹೋಗಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಕಿರುಚಿತು.

ಈಗ ಇಂಜಿನ್ ಸದ್ದು ಅಡಗಿತ್ತು. ಲಾರಿ ಮಾತ್ರ ಓಡುತ್ತಿತ್ತು.

“ಬ್ರೇಕ್ ಹಿಡೀತಿಲ್ಲ, ಉಸ್ತಾದ್.”

“ಬ್ರೇಕ್ ಬಿಡು. ಆಕ್ಸಿಲರೇಟರ್ ಒತ್ತು.”

ಅವಳ ಕಾಲು ಬ್ರೇಕ್ ಬಿಟ್ಟು ಏಳಲಿಲ್ಲ. ಮುಂದಿನ ಏರಿನಲ್ಲಿ ಲಾರಿ ತಾನೇ ನಿಧಾನವಾಗುತ್ತದೆಂದು ಉಸ್ತಾದನಿಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಅವಳು ದೇವರನ್ನು ಕರೆದಳು, ಮಗಳ ಹೆಸರು ಕರೆದಳು.

“ಕಾಲು ಎತ್ತು, ಹೊನ್ನೂರಮ್ಮ.”

ಎತ್ತಿದಳು. ಬೀಳುತ್ತಿರುವ ಲಾರಿಯಲ್ಲಿ ಕೂತು ಆಕ್ಸಿಲರೇಟರ್ ಒತ್ತಿದಳು. ಇಂಜಿನ್ ಗರ್ಜಿಸಿತು. ಕ್ಲಚ್ ಒತ್ತಿ ಲಿವರ್ ತಳ್ಳಿದಳು. ಗೇರು ಕೂತಿತು. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಲಾರಿ ತಡೆದು ನಿಧಾನವಾಯಿತು.

ಏರು ಸಿಕ್ಕಿದಾಗ ಬದಿಗೆ ಹಾಕಿ ನಿಲ್ಲಿಸಿದಳು. ಚಕ್ರಗಳಿಂದ ಹೊಗೆ ಏಳುತ್ತಿತ್ತು.

ಬಹಳ ಹೊತ್ತು ಅವಳು ಸ್ಟೇರಿಂಗ್ ಬಿಡಲಿಲ್ಲ.

“ಮೊನ್ನೆ ತಾನೇ ಈ ಬ್ರೇಕ್ ನೀವೇ ನೋಡಿದ್ದಿರಿ,” ಎಂದಳು.

“ನೋಡಿದ್ದೆ. ಸರಿಯಾಗಿತ್ತು.”

“ಹಾಗಾದರೆ ಇದು ಸುಟ್ಟದ್ದು ನನ್ನ ಕಾಲಿನಿಂದ.”

ಅವಳು ಅವನ ಕಡೆ ತಿರುಗಿದಳು.

“ನನ್ನ ಗಂಡ ಸತ್ತ ದಿನ ಮೊದಲು ಕಣಿವೆಗೆ ಇಳಿದವರು ನೀವು. ಅವರ ಗಾಡಿ ಯಾವ ಗೇರಿನಲ್ಲಿತ್ತು?”

“ನ್ಯೂಟ್ರಲ್‌ನಲ್ಲಿ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದೆ. ಪೊಲೀಸರಿಗೂ ಹೇಳಿದೆ. ಸತ್ತವರ ಮೇಲೆ ತಪ್ಪು ಹೊರಿಸಬೇಡಿ ಅಂತ ನೀನು ಬಾಗಿಲು ಹಾಕಿಕೊಂಡೆ.”

ಅವಳಿಗೆ ನೆನಪಾಯಿತು. ತಲೆ ಸ್ಟೇರಿಂಗಿಗೆ ಆನಿಸಿದಳು.

“ಅವರಿಗೆ ನೀವು ಕಲಿಸಿರಲಿಲ್ಲವಾ, ಆಕ್ಸಿಲರೇಟರ್ ಒತ್ತಬೇಕು ಅಂತ?”

“ಕಲಿಸಿದ್ದೆ. ನಿನಗಿಂತ ಚೆನ್ನಾಗಿ ಕಲಿತಿದ್ದ.”

“ಮತ್ತೆ?”

“ಪಕ್ಕದಲ್ಲಿ ಯಾರೂ ಇರಲಿಲ್ಲ.”

ಅವಳು ಅತ್ತಳು. ಅವನು ತಡೆಯಲಿಲ್ಲ. ಅದಿರಿನ ಕೆಂಪು ಧೂಳು ಅವಳ ಕೆನ್ನೆಯ ಮೇಲೆ ಕೆಸರಾಯಿತು.

ಆಮೇಲೆ ಕೇಳಿದಳು, “ಆಚಾರಿಗೆ ಗೊತ್ತಾ?”

“ತನ್ನ ಕೈಯಲ್ಲೇ ತಪ್ಪಾಗಿರಬೇಕು ಅಂತ ನಂಬಿದ್ದಾನೆ. ನಾನು ಹೇಳಿದರೂ ನಂಬಲಿಲ್ಲ. ಸ್ಪ್ಯಾನರ್ ಮುಟ್ಟೋದಿಲ್ಲ.”

ಅವಳು ಕೈಗಳನ್ನು ನೋಡಿಕೊಂಡಳು. ಎರಡೂ ನಡುಗುತ್ತಿದ್ದವು.

“ನಾಳೆ ಅವನ ಹತ್ತಿರ ಹೋಗುತ್ತೇನೆ, ಉಸ್ತಾದ್. ಸ್ವಲ್ಪ ಸುಧಾರಿಸಿಕೊಂಡು, ಏನು ಹೇಳಬೇಕು ಅಂತ ಯೋಚಿಸಿ ಹೋಗುತ್ತೇನೆ.”

ದಾದಾಪೀರ್ ಕೈಚಾಚಿ ಅವಳ ಕಡೆಯ ಬಾಗಿಲು ತೆಗೆದ. ಕೆಳಗೆ ಕ್ರಷರ್ ಕಾಣುತ್ತಿತ್ತು.

“ಯೋಚಿಸಿ ಹೇಳಿದ ಮಾತನ್ನು ಅವನು ನಂಬೋದಿಲ್ಲ. ಕೈ ನಡುಗೋದು ನಿಲ್ಲುವ ಮೊದಲೇ ಹೋಗು.”