ನಗು ಕಾಣುವಷ್ಟು ಗಾಜು

“ಗುರುಗಳೇ, ಗಿರಾಕಿ ಕೇಳಿದ್ದನ್ನು ಮಾಡಿಕೊಟ್ಟರೆ ಅದರ ತಪ್ಪು ಕೇಳಿದವನಿಗೆ ಸೇರುತ್ತದೋ, ಮಾಡಿಕೊಟ್ಟವನಿಗೆ ಸೇರುತ್ತದೋ?”

ಕೇಳಿದವನು ಚನ್ನವೀರ. ಬಸ್ ನಿಲ್ದಾಣದ ಹಿಂದೆ ಅವನದೊಂದು ಅಂಗಡಿ. ಕಾರಿನ ಸೀಟಿಗೆ ಹೊದಿಕೆ ಹಾಕುವುದು, ಗಾಜಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸುವುದು ಅವನ ಕಾಯಕ. ಸೋಮವಾರ ಸಂಜೆ ಅಂಗಡಿ ಬೇಗ ಮುಚ್ಚಿ ಮಠಕ್ಕೆ ಬರುತ್ತಿದ್ದ. ಅಂದು ಜಗುಲಿಯ ಮೇಲೆ ಎಲ್ಲರೂ ಮರುದಿನದ ದಾಸೋಹಕ್ಕೆ ಅವರೆಕಾಯಿ ಸುಲಿಯುತ್ತಿದ್ದರು. ಗುರುಗಳೂ ಸುಲಿಯುತ್ತಿದ್ದರು.

ಏನಾಯಿತು ಎಂದು ಗುರುಗಳು ಕೇಳಿದರು. ಮರುದಿನ ಬೆಳಿಗ್ಗೆ ಒಬ್ಬ ದೊಡ್ಡ ಗಿರಾಕಿ ಬರುವವನಿದ್ದಾನೆ ಎಂದು ಚನ್ನವೀರ ಹೇಳಿದ. ಕಾರಿನ ಎಲ್ಲ ಗಾಜೂ ಕಪ್ಪಗಾಗಬೇಕು, ಒಳಗೆ ಯಾರಿದ್ದಾರೆಂದು ನರಪಿಳ್ಳೆಗೂ ಕಾಣಬಾರದು ಎಂಬುದು ಅವನ ಅಪ್ಪಣೆ. ಕಾನೂನು ಒಪ್ಪುವುದಿಲ್ಲ ಎಂದರೆ, ದಂಡ ಕಟ್ಟುವವನು ನಾನು, ಅಂಟಿಸುವವನಿಗೆ ಏನು ಕಷ್ಟ ಎನ್ನುತ್ತಾನೆ. ಅದೂ ಸರಿಯೇ ಎಂದು ಚನ್ನವೀರನಿಗೆ ಅನ್ನಿಸಿತ್ತು.

ಗುರುಗಳು ಅವನ ಮುಂದಿದ್ದ ಸಿಪ್ಪೆಯ ಸಣ್ಣ ಗುಡ್ಡೆಯನ್ನು ನೋಡಿ ನಕ್ಕರು. ಪ್ರಶ್ನೆ ದೊಡ್ಡದಾದರೂ ಕೈ ನಿಲ್ಲಬಾರದು, ನಾಳೆ ನೂರು ಜನಕ್ಕೆ ಸಾರಾಗಬೇಕು ಎಂದರು. ಚನ್ನವೀರ ನಾಚಿಕೊಂಡು ಒಂದು ಹಿಡಿ ಕಾಯಿ ಮುಂದೆಳೆದುಕೊಂಡ. ಆಗ ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ನಿನ್ನಂಥವನೇ ಒಬ್ಬ ಫಿಲ್ಮ್ ಅಂಟಿಸುವವನಿದ್ದ. ಅವನ ಕೆಲಸ ಅಚ್ಚುಕಟ್ಟು. ಅವನು ಕೈಯಿಟ್ಟ ಗಾಜಿನಲ್ಲಿ ಒಂದು ಗುಳ್ಳೆ ಏಳುತ್ತಿರಲಿಲ್ಲ, ಒಂದು ಅಂಚು ಮಡಚಿಕೊಳ್ಳುತ್ತಿರಲಿಲ್ಲ. ಮುಂದಿನ ಗಾಜು, ಹಿಂದಿನ ಗಾಜು ನೂರರಲ್ಲಿ ಎಪ್ಪತ್ತು ಪಾಲು ಬೆಳಕನ್ನಾದರೂ ಬಿಡಬೇಕು, ಪಕ್ಕದವು ಐವತ್ತು ಪಾಲು ಬಿಡಬೇಕು ಎಂಬ ಕಾನೂನು ಅವನಿಗೆ ಬಾಯಿಪಾಠ. ಬೆಳಕು ಅಳೆಯುವ ಪುಟ್ಟ ಯಂತ್ರವನ್ನೂ ಇಟ್ಟುಕೊಂಡಿದ್ದ. ಆದರೆ ಎಪ್ಪತ್ತು, ಐವತ್ತು ಎಂದರೆ ಗಿರಾಕಿಗಳ ತಲೆಗೆ ಹೋಗಬೇಕಲ್ಲ. ಅದಕ್ಕೆ ಅವನು ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದ.

ಅಂಟಿಸುವ ಮೊದಲು ಗಾಜಿಗೆ ನೀರು ಚಿಮುಕಿಸಿ ಫಿಲ್ಮನ್ನು ಸುಮ್ಮನೆ ಅದರ ಮೇಲೆ ನಿಲ್ಲಿಸುತ್ತಿದ್ದ. ಗಿರಾಕಿಯನ್ನು ಹೊರಗೆ ನಿಲ್ಲಿಸಿ ತಾನು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದ. ಆಮೇಲೆ ಒಂದೋ ನಗುತ್ತಿದ್ದ, ಇಲ್ಲವೇ ಮುಖ ಗಂಟಿಕ್ಕುತ್ತಿದ್ದ. ಏನು ಮಾಡುತ್ತಿದ್ದೇನೆ ಹೇಳಿ ಎಂದು ಒಳಗಿನಿಂದಲೇ ಕೂಗುತ್ತಿದ್ದ. ಗಿರಾಕಿ ಸರಿಯಾಗಿ ಹೇಳಿದರೆ ಅಂಟಿಸುವುದು, ತಡವರಿಸಿದರೆ ಫಿಲ್ಮನ್ನು ಸುರುಳಿ ಸುತ್ತಿ ಒಳಗಿಡುವುದು. ಇದನ್ನು ನೋಡಲೆಂದೇ ಎದುರಿನ ಅಂಗಡಿಯವರು ಕೆಲಸ ಬಿಟ್ಟು ಬರುತ್ತಿದ್ದರು. ಅವನು ಒಳಗೆ ಹಲ್ಲು ಕಿರಿದರೆ ಹೊರಗೆ ಇಡೀ ಬೀದಿ ಹಲ್ಲು ಕಿರಿಯುತ್ತಿತ್ತು. ಯಂತ್ರ ಹೇಳುವುದನ್ನೇ ಅವನ ನಗುವೂ ಹೇಳುತ್ತಿತ್ತು.

ಅದೇ ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಹತ್ತು ಹೆಜ್ಜೆ ನಡೆದರೆ ಹನ್ನೊಂದು ಜನಕ್ಕೆ ಕೈಮುಗಿಯುವ ಮನುಷ್ಯ. ಅವನಿಗೊಬ್ಬಳೇ ಮಗಳು, ತಾಯಿಯಿಲ್ಲದೆ ಬೆಳೆದವಳು. ಅವಳ ಮದುವೆ ಗೊತ್ತಾಗಿತ್ತು. ಊರಿಗೆ ಊರೇ ಬಂದು ಮಗಳ ತಲೆಯ ಮೇಲೆ ಅಕ್ಷತೆ ಹಾಕಬೇಕು ಎಂಬ ಒಂದೇ ಆಸೆ ಅವನಿಗಿತ್ತು.

ಮದುವೆಗೆಂದು ಹೊಸ ಕಾರು ಕೊಂಡ. ಮದುವೆಗೆ ಸರಿಯಾಗಿ ಒಂದು ವಾರವಿರುವಾಗ ಅದನ್ನು ಅಂಗಡಿಗೆ ತಂದು, ಗಾಜೆಲ್ಲ ಕಪ್ಪಾಗಬೇಕು ಎಂದ. ಬಚ್ಚಿಟ್ಟುಕೊಳ್ಳುವಂಥದ್ದು ಅವನಲ್ಲಿ ಏನೂ ಇರಲಿಲ್ಲ. ಕಪ್ಪು ಗಾಜಿದ್ದರೇ ಗತ್ತು ಎಂದು ಯಾರೋ ಅವನ ತಲೆಗೆ ತುಂಬಿದ್ದರು, ಅಷ್ಟೆ. ಅಂಟಿಸುವವನು ಕಾನೂನು ಹೇಳಿದ. ವ್ಯಾಪಾರಿ ನಕ್ಕು, ಮದುವೆ ಮನೆಯವನಿಗೆ ಕಾನೂನು ಹೇಳಬೇಡಪ್ಪ ಎಂದ. ದೊಡ್ಡ ಮನುಷ್ಯ, ಬೇಕಾದವನು, ಅವಸರದಲ್ಲಿದ್ದಾನೆ. ಅಂಟಿಸುವವನು ಫಿಲ್ಮಿನ ಸುರುಳಿ ಬಿಚ್ಚಿದ.

“ಅಂಟ್ಸೋದು ನನ್ನ ಕೆಲಸ, ಓಡ್ಸೋದು ನಿಮ್ಮ ಕೆಲಸ ಸಾಹುಕಾರ್ರೇ” ಎಂದ.

ಆ ದಿನ ಅವನು ಕಾರಿನೊಳಗೆ ಕೂರಲೂ ಇಲ್ಲ, ನಗಲೂ ಇಲ್ಲ. ಕೂತರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಕೆಲಸ ಮುಗಿಸಿ ಎಲ್ಲರಿಗೂ ಹೇಳುವ ಒಂದು ಮಾತನ್ನು ವ್ಯಾಪಾರಿಗೂ ಹೇಳಿದ. ಒಂದು ವಾರ ಗಾಜು ಇಳಿಸಬಾರದು, ಫಿಲ್ಮಿನ ಕೆಳಗಿನ ನೀರು ಆರುವ ಮೊದಲು ಇಳಿಸಿದರೆ ಅಂಚು ಎದ್ದುಬಿಡುತ್ತದೆ ಎಂದ. ತಮಾಷೆ ನೋಡು ಚನ್ನವೀರ, ಸರ್ಕಾರದ ಕಾನೂನನ್ನು ನಕ್ಕು ಪಕ್ಕಕ್ಕಿಟ್ಟವನು ಈ ಮಾತನ್ನು ವ್ರತದ ಹಾಗೆ ಪಾಲಿಸಿದ. ಇಡೀ ವಾರ ಗಾಜನ್ನು ಒಂದು ಬೆರಳಿನಷ್ಟೂ ಇಳಿಸಲಿಲ್ಲ.

ಆ ಊರಿನಲ್ಲಿ ಒಂದು ರೂಢಿಯಿತ್ತು. ಲಗ್ನಪತ್ರಿಕೆ ಕೊಟ್ಟರೆ ಸಾಲದು. ಮದುವೆಯ ವಾರದಲ್ಲಿ ಎದುರಾದವರಿಗೆಲ್ಲ ಇನ್ನೊಮ್ಮೆ ಕೈಮುಗಿದು ಬರಬೇಕು ಎನ್ನಬೇಕು. ಹಾಗೆ ಅನ್ನದಿದ್ದರೆ ಪತ್ರಿಕೆ ಕೊಟ್ಟಿದ್ದು ಬಾಯುಪಚಾರಕ್ಕೆ ಎಂದು ಲೆಕ್ಕ. ವ್ಯಾಪಾರಿಗೆ ಆ ವಾರ ಇಳಿದು ಮಾತಾಡಲು ಪುರುಸೊತ್ತಿರಲಿಲ್ಲ. ಕಲ್ಯಾಣ ಮಂಟಪ, ಅಡುಗೆಯವರು, ಅಕ್ಕಸಾಲಿಗರು ಎಂದು ದಿನಕ್ಕೆ ನಾಲ್ಕು ಸಲ ಪೇಟೆ ಬೀದಿ ಹಾಯುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಕೈಮುಗಿಯುತ್ತಿದ್ದ, ನಗುತ್ತಿದ್ದ, ಬರಬೇಕು ಬರಬೇಕು ಎಂದು ತುಟಿಯಲ್ಲೇ ಅನ್ನುತ್ತಿದ್ದ. ಅವನಿಗೆ ಹೊರಗಿನವರೆಲ್ಲ ಚೆನ್ನಾಗಿ ಕಾಣುತ್ತಿದ್ದರು. ಹಾಗಾಗಿ ತಾನೂ ಅವರಿಗೆ ಕಾಣುತ್ತಿದ್ದೇನೆ ಎಂದುಕೊಂಡಿದ್ದ. ಚಾಲಕ ಹೊಸಬ. ಕನ್ನಡಿಯಲ್ಲಿ ಯಜಮಾನರ ತುಟಿ ಅಲುಗುವುದನ್ನು ಕಂಡು, ಪಾಪ ಜಪ ಮಾಡುತ್ತಿದ್ದಾರೆ ಎಂದು ಸುಮ್ಮನಿದ್ದ.

ಮೊದಲೆರಡು ದಿನ ಬೀದಿಯ ಜನ ಆ ಕಾರು ಕಂಡಾಗಲೆಲ್ಲ ಎದ್ದು ನಿಂತು ಕೈಮುಗಿದರು. ಕಪ್ಪು ಗಾಜು ಹಾಗೇ ಮುಂದೆ ಹೋಯಿತು. ಮೂರನೆಯ ದಿನ ಕೂತಲ್ಲೇ ಕೂತರು. ನಾಲ್ಕನೆಯ ದಿನ ಮುಖ ಆಚೆ ತಿರುಗಿಸಿದರು. ಮಗಳ ಮದುವೆ ಇಟ್ಟುಕೊಂಡು ಒಂದು ಬಾಯಿಮಾತಿನ ಕರೆಯೂ ಇಲ್ಲವಲ್ಲ, ಹೊಸ ಕಾರು ಬಂದು ತಲೆ ತಿರುಗಿದೆ ಎಂದರು. ಫಿಲ್ಮ್ ಅಂಟಿಸುವವನೂ ಅಂಗಡಿಯ ಮುಂದೆ ನಿಂತು ಎರಡು ಸಲ ಕೈಯೆತ್ತಿದ. ಮರುನಮಸ್ಕಾರ ಬರಲಿಲ್ಲ. ಅವನಿಗೂ ಸಿಟ್ಟು ಬಂತು. ಎಷ್ಟು ಸೊಕ್ಕು ಬಂದಿದೆ ಈ ಮನುಷ್ಯನಿಗೆ, ಮದುವೆಗೆ ಹೋಗುವುದೇ ಬೇಡ ಎಂದು ಹೆಂಡತಿಗೆ ಹೇಳಿದ.

ಇಲ್ಲಿ ಜಗುಲಿಯ ಮೇಲಿದ್ದವರೆಲ್ಲ ನಕ್ಕರು. ಗುರುಗಳೂ ನಕ್ಕು ಕಣ್ಣೊರೆಸಿಕೊಂಡರು.

ಹೌದಪ್ಪ, ಕಪ್ಪು ಮಾಡಿದವನೇ ಹೇಳಿದ ಮಾತು ಅದು. ಇತ್ತ ವ್ಯಾಪಾರಿಯ ಎದೆ ಒಡೆದಿತ್ತು. ಅವನು ನಗುತ್ತಾ ಕೈಮುಗಿದರೆ ಜನ ಮುಖ ತಿರುಗಿಸುತ್ತಾರೆ. ತಾನು ಯಾರಿಗೆ ಏನು ಅನ್ಯಾಯ ಮಾಡಿದೆ ಎಂದು ಅವನಿಗೆ ತಿಳಿಯಲಿಲ್ಲ. ಶನಿವಾರ ಅಡುಗೆಯವರು ಬಂದು, ಮೊದಲು ಹೇಳಿದಂತೆ ಎಂಟುನೂರು ಎಲೆಯೇ ತಾನೇ ಎಂದು ಕೇಳಿದರು. ವ್ಯಾಪಾರಿ ನೆಲ ನೋಡುತ್ತಾ, ಇನ್ನೂರು ಸಾಕು ಎಂದ. ಒಳಗೆ ಮದುಮಗಳು ಅದನ್ನು ಕೇಳಿಸಿಕೊಂಡಳು. ಅಪ್ಪನಿಗೆ ಗೊತ್ತಾಗಬಾರದೆಂದು ಹಿತ್ತಲಿಗೆ ಹೋಗಿ ಅತ್ತಳು.

ಭಾನುವಾರ ಬೆಳಿಗ್ಗೆ ಒಬ್ಬ ಶಾಲಾ ಮಾಸ್ತರರು ತಮ್ಮ ಹಳೆಯ ಕಾರನ್ನು ಅಂಗಡಿಗೆ ತಂದರು. ಬೆಲ್ಲದ ಸಾಹುಕಾರರ ಕಾರಿನಂತೆಯೇ ಕಪ್ಪಾಗಬೇಕು ಎಂದರು. ಸಿಟ್ಟಿನಲ್ಲಿದ್ದರೂ ಅಂಟಿಸುವವನು ಪದ್ಧತಿ ಮರೆಯಲಿಲ್ಲ. ಅದೇ ಕಪ್ಪು ಫಿಲ್ಮನ್ನು ಗಾಜಿನ ಮೇಲೆ ನಿಲ್ಲಿಸಿ ಒಳಗೆ ಕೂತ. ಈ ಸಲ ನಕ್ಕಿದ್ದಷ್ಟೇ ಅಲ್ಲ, ಮಾಸ್ತರರೆಂಬ ಮರ್ಯಾದೆಗೆ ಕೈಯನ್ನೂ ಮುಗಿದ. ಏನು ಮಾಡುತ್ತಿದ್ದೇನೆ ಹೇಳಿ ಎಂದು ಕೂಗಿದ.

ಮಾಸ್ತರರು ಗಾಜಿಗೆ ಮೂಗು ತಾಗಿಸಿ ನೋಡಿದರು. “ಏನ್ ಮಾಡ್ತಿದ್ದೀಯೋ ದೇವರಿಗೇ ಗೊತ್ತಪ್ಪ. ನೀನು ಒಳಗಿದ್ದೀಯೋ ಇಲ್ವೋ ಅನ್ನೋದೇ ನನಗೆ ಗೊತ್ತಾಗ್ತಿಲ್ಲ” ಎಂದರು.

ಒಳಗಿದ್ದವನ ನಗು ಅಲ್ಲೇ ನಿಂತಿತು. ಮುಗಿದ ಕೈಯನ್ನು ಅವನು ಸ್ವಲ್ಪ ಹೊತ್ತು ನೋಡಿಕೊಂಡ. ಆಮೇಲೆ ಬ್ಲೇಡು, ಸೋಪಿನ ನೀರು, ಬಟ್ಟೆ ಎತ್ತಿಕೊಂಡು, ಮಾಸ್ತರರನ್ನು ಅಲ್ಲೇ ಬಿಟ್ಟು ವ್ಯಾಪಾರಿಯ ಮನೆಗೆ ಓಡಿದ.

ವ್ಯಾಪಾರಿ ಚಪ್ಪರದ ಕೆಳಗೆ ಒಬ್ಬನೇ ಕೂತಿದ್ದ. ಈ ವಾರ ಪೇಟೆ ಬೀದಿಯಲ್ಲಿ ಕೈಮುಗಿದಿರಾ ಎಂದು ಅಂಟಿಸುವವನು ಕೇಳಿದ. ಕೈ ಸೋಲುವಷ್ಟು ಮುಗಿದೆ, ಒಬ್ಬನೂ ತಿರುಗಿ ನೋಡಲಿಲ್ಲ, ನೀನೂ ನೋಡಲಿಲ್ಲ ಎಂದು ವ್ಯಾಪಾರಿ ಹೇಳಿದ. ಅಂಟಿಸುವವನು ಬ್ಲೇಡು ಕೈಗೆತ್ತಿಕೊಂಡ. ತಪ್ಪು ನನ್ನದು, ನನಗೆ ಗೊತ್ತಿದ್ದೂ ಮಾಡಿದೆ ಎಂದಷ್ಟೇ ಹೇಳಿ ಕೆಲಸಕ್ಕೆ ಕೂತ. ಮದುವೆಯ ಮನೆ, ನೆಂಟರೆಲ್ಲ ನೋಡುತ್ತಿದ್ದಾರೆ. ಅವನು ತಲೆಯೆತ್ತದೆ ಒಂದೊಂದೇ ಗಾಜಿನ ಫಿಲ್ಮನ್ನು ಬಿಡಿಸಿ, ಅಂಟು ಕೆರೆದು, ತೊಳೆದು ಒರೆಸಿದ. ಕೊನೆಗೆ ವ್ಯಾಪಾರಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿ, ಈ ಸಲ ತಾನು ಹೊರಗೆ ನಿಂತ.

“ಅಳ್ತಾ ಇದ್ದೀರಿ ಸಾಹುಕಾರ್ರೇ” ಎಂದ.

“ಇಲ್ಲಪ್ಪ, ನಗ್ತಾ ಇದ್ದೀನಿ” ಎಂದ ವ್ಯಾಪಾರಿ.

ಎರಡೂ ನಿಜ. ಗಾಜು ಅಷ್ಟು ತಿಳಿಯಾಗಿತ್ತು.

ಆ ಸಂಜೆ ಕಾರು ಪೇಟೆ ಬೀದಿಯಲ್ಲಿ ಆಮೆಯ ನಡಿಗೆಯಲ್ಲಿ ಹೊರಟಿತು. ಮುಂದೆ ಮುಂದೆ ಅಂಟಿಸುವವನು ನಡೆದ. ಇಷ್ಟು ದಿನವೂ ಸಾಹುಕಾರರು ಒಳಗಿನಿಂದ ಕೈಮುಗಿಯುತ್ತಲೇ ಇದ್ದರು, ಕಾಣದಂತೆ ಮಾಡಿದವನು ನಾನು ಎಂದು ಅಂಗಡಿ ಅಂಗಡಿಗೂ ನಿಂತು ಹೇಳಿದ. ಜನ ಮೊದಲು ಬೆಪ್ಪಾದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾವು ಆಡಿದ ಮಾತುಗಳನ್ನು ನೆನೆದು ಕೆಲವರು ಕಣ್ಣೀರನ್ನೂ ಹಾಕಿದರು. ವಾರದಿಂದ ಬಾಕಿಯಿದ್ದ ನಮಸ್ಕಾರಗಳನ್ನೆಲ್ಲ ಆ ಒಂದೇ ಸಂಜೆ ಮುಗಿಸಿದರು. ವ್ಯಾಪಾರಿ ಈಗ ಗಾಜನ್ನು ಪೂರ್ತಿ ಇಳಿಸಿ ಎಲ್ಲರ ಕೈ ಹಿಡಿದುಕೊಂಡ.

ಮರುದಿನ ಮಂಟಪ ಕಾಲಿಡಲು ಜಾಗವಿಲ್ಲದಂತೆ ತುಂಬಿತು. ಅಡುಗೆ ಮಾಡಿದ್ದು ಇನ್ನೂರು ಜನಕ್ಕೆ. ಬಂದ ಹೆಂಗಸರೇ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಒಲೆ ಹೊತ್ತಿಸಿದರು, ಮಾಸ್ತರರು ಕುಂಬಳಕಾಯಿ ಹೆಚ್ಚಿದರು. ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಸಂಜೆ ನಾಲ್ಕಾಗಿತ್ತು, ಆದರೂ ಒಬ್ಬರೂ ಗೊಣಗಲಿಲ್ಲ. ಮದುಮಗಳ ತಲೆಯಲ್ಲಿ ಬಿದ್ದ ಅಕ್ಷತೆಯನ್ನು ತೆಗೆಯಲು ಅವಳ ಗೆಳತಿಯರಿಗೆ ಒಂದು ತಾಸು ಹಿಡಿಯಿತಂತೆ.

ಗುರುಗಳು ಕತೆ ನಿಲ್ಲಿಸಿ ಮಡಿಲಿನ ಸಿಪ್ಪೆ ಕೊಡವಿದರು. ಎಲ್ಲರೂ ಇನ್ನೂ ನಗುತ್ತಿದ್ದರು, ಚನ್ನವೀರನೂ ನಗುತ್ತಿದ್ದ. ನಗು ಮುಗಿದ ಮೇಲೆ ಅವನು ಮತ್ತೆ ಮೊದಲಿನ ಜಾಗಕ್ಕೇ ಬಂದ. ವ್ಯಾಪಾರಿ ಕೇಳಿದ್ದೂ ಹೌದು, ಅಂಟಿಸುವವನು ಮಾಡಿದ್ದೂ ಹೌದು, ಹಾಗಾದರೆ ನಾಳೆ ಬೆಳಿಗ್ಗೆ ತಾನು ಏನು ಮಾಡಬೇಕೆಂದು ಗುರುಗಳು ಹೇಳಲೇ ಇಲ್ಲವಲ್ಲ ಎಂದ.

ಗುರುಗಳು ಅವನ ಮುಖವನ್ನೇ ಪ್ರೀತಿಯಿಂದ ನೋಡಿದರು.

“ಹತ್ತು ವರ್ಷದಿಂದ ಎಷ್ಟೋ ಗಾಜಿಗೆ ಅಂಟಿಸಿದ್ದೀಯ ಚನ್ನವೀರ, ಒಂದಕ್ಕೂ ನನ್ನನ್ನು ಕೇಳಲು ಬರಲಿಲ್ಲ, ಇದೊಂದಕ್ಕೆ ಯಾಕೆ ಬಂದೆ?”